ಆರು ಜನ ಫ್ರೆಂಡ್ಸ್, ಒಂದೇ ಬಿಲ್: ಯಾರು ಎಷ್ಟು ಕೊಡ್ಬೇಕು, ಸರ್ವಿಸ್ ಚಾರ್ಜ್ ಕೊಡ್ಲೇಬೇಕಾ?

ಪ್ರಶ್ನೆ: ಸರ್, ನಾವು ಕಾಲೇಜ್ ಟೈಮಿಂದ ಆರು ಜನ ಫ್ರೆಂಡ್ಸ್, ಎಲ್ಲಾ ಬೆಂಗಳೂರಲ್ಲೇ ಇದ್ದೀವಿ. ತಿಂಗಳಿಗೊಂದ್ಸಲ ಹೊರಗೆ ಊಟ ಮಾಡಿ ಆಮೇಲೆ ಯಾವ್ದಾದ್ರೂ ಡೆಸರ್ಟ್ ಕೆಫೆಗೆ ಹೋಗೋದು ರೂಢಿ. ಇಬ್ಬರು ಡ್ರಿಂಕ್ಸ್ ತಗೋತಾರೆ. ಒಬ್ಬಳು ಪ್ಯೂರ್ ವೆಜ್, ಮೊಟ್ಟೆನೂ ತಿನ್ನಲ್ಲ, ಆದ್ರೆ ನಾನ್‌ವೆಜ್ ಹೋಟೆಲಲ್ಲಿ ನಮ್ಮ ಜೊತೆ ಕೂರ್ತಾಳೆ. ಇನ್ನೊಬ್ಬಳು ಕೆಲಸ ಬಿಟ್ಟು ಎಂಟೆಕ್ ಸೇರಿದ್ದಾಳೆ. ಹೋದ ತಿಂಗಳು ಇಂದಿರಾನಗರದಲ್ಲಿ 7,470 ರೂಪಾಯಿ ಬಿಲ್ ಬಂತು, ಆರು ಭಾಗ ಮಾಡಿ ತಲೆಗೆ 1,245 ಹಾಕಿದ್ವಿ. ಅದ್ರಲ್ಲಿ 10% ಸರ್ವಿಸ್ ಚಾರ್ಜ್ ಇತ್ತು, ಕೇಳಿದ್ರೆ ಕಂಪಲ್ಸರಿ ಅಂದ್ರು. ಆಮೇಲೆ ಹೋದ ಐಸ್‌ಕ್ರೀಮ್ ಪಾರ್ಲರಲ್ಲಿ 18% ಜಿಎಸ್‌ಟಿ ಹಾಕಿದ್ರು. ಈ ತಿಂಗಳು ಎಂಟೆಕ್ ಫ್ರೆಂಡ್ ಬರಲ್ಲ ಅಂತಿದ್ದಾಳೆ, ವೆಜ್ ಫ್ರೆಂಡ್ ಗ್ರೂಪಲ್ಲಿ ಮೆಸೇಜ್ ನೋಡಿ ಸುಮ್ನಿದ್ದಾಳೆ. ಈ ಗ್ರೂಪ್ ಒಡೆದು ಹೋಗ್ಬಾರ್ದು. ಏನ್ ಮಾಡ್ಬೇಕು? ಬಿಲ್ ಫೋಟೋ ಕಳಿಸಿದ್ದೀನಿ.

ಉತ್ತರ: ಬಿಲ್ ಕಳಿಸಿದ್ದು ಒಳ್ಳೇದಾಯ್ತು, ಯಾಕಂದ್ರೆ ಇಂಥ ವಿಷಯದಲ್ಲಿ ಮನಸ್ಸಿನ ಮಾತಿಗಿಂತ ಮೊದಲು ಲೆಕ್ಕ ನೋಡ್ಬೇಕು. ನಾನು ವರ್ಷಾನುಗಟ್ಲೆ ರೆಸ್ಟೋರೆಂಟಲ್ಲಿ ಕ್ಯಾಪ್ಟನ್ ಆಗಿ, ಅಂದ್ರೆ ಟೇಬಲ್ ಹತ್ರ ಬಂದು ಆರ್ಡರ್ ತಗೊಳ್ಳೋನಾಗಿ, ಆಮೇಲೆ ಫ್ಲೋರ್ ಮ್ಯಾನೇಜರ್ ಆಗಿ ಕೆಲಸ ಮಾಡಿದವನು. ಬಿಲ್ ಫೋಲ್ಡರ್ ಟೇಬಲ್ ಮೇಲೆ ಇಟ್ಟ ತಕ್ಷಣ ಅಷ್ಟೊತ್ತು ನಗ್ತಾ ಇದ್ದ ಟೇಬಲ್ ಇದ್ದಕ್ಕಿದ್ದ ಹಾಗೆ ಸುಮ್ನಾಗೋದನ್ನ ತುಂಬಾ ನೋಡಿದ್ದೀನಿ, ಹಾಗಾಗಿ ನಿಮ್ಮ ಗ್ರೂಪಲ್ಲಿ ಏನಾಗಿರಬಹುದು ಅಂತ ಅಂದಾಜು ಸಿಗತ್ತೆ.

ನಿಮ್ಮ ಬಿಲ್ಲನ್ನ ಬಿಡಿಸಿ ನೋಡೋಣ. ಊಟ 4,200. ಡ್ರಿಂಕ್ಸ್ 2,400. ಎರಡೂ ಸೇರಿ 6,600, ಅದರ ಮೇಲೆ 10% ಸರ್ವಿಸ್ ಚಾರ್ಜ್ 660. ಊಟದ ಮೇಲೆ 5% ಜಿಎಸ್‌ಟಿ, ಅಂದ್ರೆ ಕೇಂದ್ರದ ಪಾಲು ಸಿಜಿಎಸ್‌ಟಿ 105, ರಾಜ್ಯದ ಪಾಲು ಎಸ್‌ಜಿಎಸ್‌ಟಿ 105, ಒಟ್ಟು 210. ಮದ್ಯ ಜಿಎಸ್‌ಟಿ ಒಳಗೆ ಬರಲ್ಲ, ಅದಕ್ಕೇ ಆ ಭಾಗದ ಮೇಲೆ ಹಾಕಿಲ್ಲ, ಅದು ಸರಿಯಾಗಿದೆ. ಈಗ ನಿಮ್ಮ ವೆಜ್ ಫ್ರೆಂಡ್ ಕಡೆಯಿಂದ ನೋಡಿ: ಊಟವನ್ನ ಆರು ಜನ ಸಮ ಹಂಚ್ಕೊಂಡ್ರು ಅಂತಾನೇ ಇಟ್ಕೊಂಡ್ರೂ ಅವರ ಪಾಲು 700, ಜಿಎಸ್‌ಟಿ 35, ಒಟ್ಟು 735. ಕೊಟ್ಟಿದ್ದು 1,245. ಹೆಚ್ಚಿಗೆ ಹೋದ 510ರಲ್ಲಿ 400 ರೂಪಾಯಿ ಬೇರೆಯವರ ಡ್ರಿಂಕ್ಸಿಗೆ, 110 ಸರ್ವಿಸ್ ಚಾರ್ಜಿಗೆ. ಅದೂ ಊಟ ಸಮ ಅಂದ್ಕೊಂಡ್ರೆ ಮಾತ್ರ, ಆರ್ಡರ್ ಲಿಸ್ಟ್ ನೋಡಿದ್ರೆ ಮಟನ್, ಪ್ರಾನ್ಸ್ ಎಲ್ಲಾ ಇದೆ, ಅವರು ತಿಂದಿರೋದು ಒಂದು ಪನೀರ್ ಐಟಂ, ರೋಟಿ, ದಾಲ್ ಇರ್ಬೇಕು. ಎಂಟೆಕ್ ಓದ್ತಿರೋ ಫ್ರೆಂಡ್ ಪರಿಸ್ಥಿತಿನೂ ಇದೇ, ಸಂಬಳ ಇಲ್ಲದಿರೋರಿಗೆ ಆ 510 ಬಸ್ ಪಾಸಿಗೋ ಜೆರಾಕ್ಸಿಗೋ ಎತ್ತಿಟ್ಟ ದುಡ್ಡಾಗಿರಬಹುದು. ಪ್ರತಿ ತಿಂಗಳು ಹೀಗೇ ಆದ್ರೆ ಯಾರೂ ಬಾಯಿ ಬಿಟ್ಟು ಹೇಳಲ್ಲ, ಸುಮ್ನೆ ಬರೋದು ಬಿಡ್ತಾರೆ. ನಿಮ್ಮ ಗ್ರೂಪಲ್ಲಿ ಆಗ್ತಿರೋದು ಇದೇ ಅಂತ ನನಗನ್ಸತ್ತೆ. ಕುಡಿಯೋ ಇಬ್ಬರೂ ಕೆಟ್ಟೋರಲ್ಲ, ಅವರಿಗೆ ಈ ಲೆಕ್ಕ ಯಾರೂ ತೋರಿಸಿಲ್ಲ ಅಷ್ಟೇ.

ಇದಕ್ಕೆ ಮಾಡ್ಬೇಕಾದ ಕೆಲಸ ತುಂಬಾ ಚಿಕ್ಕದು, ಆದ್ರೆ ಅದನ್ನ ಆರ್ಡರ್ ಮಾಡೋಕ್ ಮುಂಚೆ ಮಾಡ್ಬೇಕು. ಕೂತ ತಕ್ಷಣ, ನೀರು ಇಡೋಕ್ ಬಂದಾಗಲೇ, ಕ್ಯಾಪ್ಟನ್‌ಗೆ "ಊಟದ ಬಿಲ್ ಬೇರೆ, ಬಾರ್ ಬಿಲ್ ಬೇರೆ ಮಾಡಿ" ಅಂತ ಹೇಳಿ. ಅಷ್ಟೇ. ನಮ್ಮ ಕಡೆಯಿಂದ ಇದು ಕಷ್ಟನೇ ಅಲ್ಲ, ಯಾಕಂದ್ರೆ ನೀವು ಆರ್ಡರ್ ಹೇಳಿದಾಗ್ಲೇ ಕಿಚನ್‌ಗೆ ಹೋಗೋ ಆರ್ಡರ್ ಚೀಟಿ (ಕೆಒಟಿ) ಬೇರೆ, ಬಾರ್‌ಗೆ ಹೋಗೋ ಚೀಟಿ ಬೇರೆ, ಎಷ್ಟೋ ಕಡೆ ಅದು ಸಿಸ್ಟಮಲ್ಲೇ ಬೇರೆಯಾಗಿ ಕೂತಿರತ್ತೆ. ಕಷ್ಟ ಆಗೋದು ಯಾವಾಗ ಅಂದ್ರೆ, ಎಲ್ಲಾ ಮುಗಿದು ಒಂದೇ ಬಿಲ್ ಪ್ರಿಂಟ್ ಆಗಿ, ಶನಿವಾರ ರಾತ್ರಿ ಹತ್ತು ಗಂಟೆಗೆ ಹೊರಗೆ ಜನ ಕಾಯ್ತಾ ನಿಂತಿರುವಾಗ, ಆರು ಜನ ಆರು ಫೋನ್ ಹಿಡ್ಕೊಂಡು ನಂದು ಬರೀ ಬಟರ್ ನಾನ್, ನಂದು ಎರಡು ಬಿಯರ್ ಅಂತ ಶುರು ಮಾಡಿದಾಗ. ಅಷ್ಟೊತ್ತಿಗೆ ಐಟಂ ಒಂದೊಂದೇ ಹುಡುಕಿ ಎಳೀಬೇಕು, ತಪ್ಪಾಗತ್ತೆ, ಟೇಬಲಲ್ಲಿದ್ದೋರಿಗೂ ಮುಜುಗರ. ಮೊದಲೇ ಹೇಳಿದ್ರೆ ಯಾರಿಗೂ ಮುಜುಗರ ಇಲ್ಲ, ಅದು ಬರೀ ಒಂದು ಸೂಚನೆ. ಕುಡಿಯೋ ಇಬ್ಬರಲ್ಲಿ ಒಬ್ಬರೇ ಈ ಮಾತು ಹೇಳಿದ್ರೆ ಇನ್ನೂ ಚೆನ್ನ, ಅವರ ಹತ್ರ ಮೊದಲೇ ಮಾತಾಡಿಡಿ.

ನಾನ್‌ವೆಜ್ ವೆಜ್ ಅಂತ ಊಟವನ್ನೂ ಪೈಸೆ ಪೈಸೆ ಬಿಡಿಸೋಕೆ ಹೋಗ್ಬೇಡಿ. ಊಟದಲ್ಲಿ ಐವತ್ತು ನೂರು ಆ ಕಡೆ ಈ ಕಡೆ ಆಗೋದನ್ನ ಫ್ರೆಂಡ್ಸ್ ಸಹಿಸ್ಕೋತಾರೆ. ದೊಡ್ಡ ಐಟಂ, ಅಂದ್ರೆ ಮದ್ಯ, ಒಬ್ಬರೇ ತಿನ್ನೋ ಸೀಫುಡ್, ಪ್ಲ್ಯಾಟರ್, ಇಂಥವು ಮಾತ್ರ ತಗೊಂಡೋರ ಲೆಕ್ಕಕ್ಕೆ, ಉಳಿದಿದ್ದು ಸಮ. ದುಡ್ಡು ಒಬ್ಬರು ಕಟ್ಟಿದ್ರೆ ಅಲ್ಲೇ ಕೂತಿರುವಾಗ್ಲೇ ಎಲ್ಲರೂ ಯುಪಿಐ ಮಾಡ್ಬಿಡಿ. ಮನೆಗೆ ಹೋದ್ಮೇಲೆ ಹಾಕ್ತೀನಿ ಅನ್ನೋ ದುಡ್ಡು ಮೂರು ದಿನ ಆದ್ಮೇಲೆ ಕೇಳೋಕೆ ಕಟ್ಟಿದೋರಿಗೇ ಸಂಕೋಚ ಆಗತ್ತೆ. ಹಾಗೇ ಆಪಲ್ಲಿ ಟೇಬಲ್ ಬುಕ್ ಮಾಡಿ ಆಪಿಂದಾನೇ ಪೇ ಮಾಡಿದ್ರೆ ಡಿಸ್ಕೌಂಟ್ ಸಿಗತ್ತಲ್ಲ, ಭಾಗ ಮಾಡುವಾಗ ಡಿಸ್ಕೌಂಟ್ ಕಳೆದು ಉಳಿದ ಮೊತ್ತವನ್ನ ಭಾಗ ಮಾಡಿ. ಇದು ಸಣ್ಣ ವಿಷಯ ಅನ್ಸಬಹುದು, ಆದ್ರೆ ಇಂಥದ್ರಿಂದ್ಲೇ ಮನಸ್ಸು ಮುರಿಯೋದು.

ಈಗ ಸರ್ವಿಸ್ ಚಾರ್ಜ್. ಕಂಪಲ್ಸರಿ ಅಂತ ಹೇಳಿದ್ದು ತಪ್ಪು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಗೈಡ್‌ಲೈನ್ಸ್ ತಂತು: ಹೋಟೆಲ್, ರೆಸ್ಟೋರೆಂಟ್‌ಗಳು ತಾವಾಗೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲೂ ತಗೋಳೋ ಹಾಗಿಲ್ಲ, ಕೊಡಲ್ಲ ಅಂದ್ರೆ ಒಳಗೆ ಬಿಡಲ್ಲ ಅನ್ನೋ ಹಾಗಿಲ್ಲ, ಅದನ್ನ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕೋ ಹಾಗೂ ಇಲ್ಲ. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ್ವು, ಅದೇ ತಿಂಗಳು ಸ್ಟೇ ಸಿಕ್ತು, ಹಾಗಾಗಿ ಎರಡೂವರೆ ವರ್ಷಕ್ಕಿಂತ ಜಾಸ್ತಿ ಈ ವಿಷಯ ಹಾಗೇ ನೇತಾಡ್ತಿತ್ತು. 2025ರ ಮಾರ್ಚ್ 28ಕ್ಕೆ ಹೈಕೋರ್ಟ್ ಸಂಘಗಳ ಅರ್ಜಿ ವಜಾ ಮಾಡಿ ಗೈಡ್‌ಲೈನ್ಸ್ ಸರಿ ಅಂತು. ಅವರು ಅಪೀಲ್ ಹೋಗಿದ್ದಾರೆ, ಅದಕ್ಕೇ ಕೆಲವು ಕಡೆ ಮೆನು ಕೊನೇಲಿ ಸಣ್ಣ ಅಕ್ಷರದಲ್ಲಿ ಇನ್ನೂ ಬರೆದಿರ್ತಾರೆ.

ಹೇಗೆ ಕೇಳ್ಬೇಕು ಅಂತ ಹೇಳ್ತೀನಿ, ಇದರಲ್ಲಿ ದಾರಿ ಗೊತ್ತಿದ್ರೆ ಜಗಳ ಆಗಲ್ಲ. ಸರ್ವ್ ಮಾಡಿದ ಹುಡುಗನ್ನ ಕೇಳ್ಬೇಡಿ, ಅವನ ಕೈಯಲ್ಲಿ ಏನೂ ಇಲ್ಲ, ಬಿಲ್ಲಿಂದ ಒಂದು ಸಾಲು ತೆಗೆಯೋಕೆ ಅವನಿಗೆ ಪರ್ಮಿಷನ್ನೇ ಇರಲ್ಲ. ಮ್ಯಾನೇಜರ್ನ ಕರೆಸಿ, ದುಡ್ಡು ಕಟ್ಟೋಕ್ ಮುಂಚೆ, ಮೆತ್ತಗೆ "ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ" ಅನ್ನಿ. ಕಟ್ಟೋಕ್ ಮುಂಚೆ ಅನ್ನೋದು ಮುಖ್ಯ, ಸೆಟಲ್ ಆಗದೇ ಇರೋ ಬಿಲ್ಲನ್ನ ಬದಲಾಯಿಸೋದು ಸುಲಭ, ಕಾರ್ಡ್ ಸ್ವೈಪ್ ಆಗಿ ಸೆಟಲ್ ಆದ್ಮೇಲೆ ಅದನ್ನ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕೊಡೋಕೆ ಯಾವ ಮ್ಯಾನೇಜರೂ ಖುಷಿಯಿಂದ ಒಪ್ಪಲ್ಲ. ಹೆಚ್ಚಿನೋರು ಕೇಳಿದ ತಕ್ಷಣ ತೆಗೀತಾರೆ. ಆಗಲ್ಲ ಅಂದ್ರೆ ಬಿಲ್ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹೋದ ತಿಂಗಳ ಬಿಲ್ ಮೇಲೂ ದೂರು ಕೊಡಬಹುದು.

ಒಂದು ಮಾತು ಮಾತ್ರ ಕೈ ಮುಗಿದು ಕೇಳ್ಕೋತೀನಿ. ಸರ್ವಿಸ್ ಚಾರ್ಜ್ ತೆಗೆಸಿದ್ಮೇಲೆ, ಸರ್ವಿಸ್ ಚೆನ್ನಾಗಿದ್ರೆ, ಆ ಹುಡುಗನ ಕೈಗೆ ನೇರವಾಗಿ ಸ್ವಲ್ಪ ಕ್ಯಾಶ್ ಕೊಡಿ. ಶನಿವಾರ ಸಂಜೆಯಿಂದ ಮಧ್ಯರಾತ್ರಿವರೆಗೂ ನಿಂತೇ ಇರೋರು ಅವರು, ತುಂಬಾ ಜನ ಒಡಿಶಾ, ಅಸ್ಸಾಂ, ಉತ್ತರ ಕರ್ನಾಟಕದ ಕಡೆಯಿಂದ ಬಂದು ನಾಲ್ಕೈದು ಜನ ಒಂದು ರೂಮಲ್ಲಿರೋ ಹುಡುಗ್ರು. ಟಿಪ್ಸ್ ಕೊಡೋದು ಬಿಡೋದು ನಿಮ್ಮಿಷ್ಟ, ಆದ್ರೆ ಕೊಟ್ರೆ ಅವರಿಗೇ ಸೇರೋ ಹಾಗೆ ಕೊಡಿ.

ಐಸ್‌ಕ್ರೀಮ್ ಪಾರ್ಲರಿನ 18% ವಿಷಯ ಬೇರೆ ಕಥೆ. ಅದಕ್ಕೊಂದು ಹಿನ್ನೆಲೆ ಇದೆ. ಕೂತು ತಿನ್ನೋ ಮಾಮೂಲಿ ರೆಸ್ಟೋರೆಂಟಿಗೆ 2017ರ ನವೆಂಬರ್ 15ರಿಂದ 5% ಜಿಎಸ್‌ಟಿ. ಆದ್ರೆ 2021ರ ಅಕ್ಟೋಬರಲ್ಲಿ ಒಂದು ಸರ್ಕ್ಯುಲರ್ ಬಂತು, ಪಾರ್ಲರ್‌ಗಳು ರೆಡಿ ಇರೋ ಐಸ್‌ಕ್ರೀಮನ್ನ ಮಾರ್ತವೆ, ಅಲ್ಲಿ ಅಡುಗೆ ಮಾಡಲ್ಲ, ಹಾಗಾಗಿ ಅದು ರೆಸ್ಟೋರೆಂಟ್ ಸರ್ವಿಸ್ ಅಲ್ಲ, 18% ಅಂತ. ಅಲ್ಲಿಂದ ಪಾರ್ಲರ್ ಬಿಲ್ಲಲ್ಲಿ 18 ಕಾಣಿಸ್ತಿತ್ತು, ಆಗ ಅದು ಸರಿನೇ. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮ್ ಮೇಲಿನ ತೆರಿಗೆನೇ 18ರಿಂದ 5ಕ್ಕೆ ಇಳಿದಿದೆ, ಕೇಕು, ಪೇಸ್ಟ್ರಿ, ಚಾಕೊಲೇಟ್ ಕೂಡ 5ಕ್ಕೆ ಬಂದಿವೆ. ಹೋದ ತಿಂಗಳ ಬಿಲ್ಲಲ್ಲಿ 18 ಅಂತ ಇದೆ ಅಂದ್ರೆ ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಹಳೇ ರೇಟ್ ಹಾಗೇ ಉಳಿದಿರಬಹುದು, ಅಥವಾ ಬೇಕಂತಲೇ ಹಾಕಿರಬಹುದು, ಯಾವ್ದಾದ್ರೂ ಸರಿ, ಹೋಗಿ ಕೇಳಿ. ಈಗ್ಲೂ 18% ಸರಿಯಾಗಿರೋದು ದೊಡ್ಡ ಸ್ಟಾರ್ ಹೋಟೆಲ್ ಒಳಗಿನ ರೆಸ್ಟೋರೆಂಟಲ್ಲಿ, ರೂಮ್ ಬಾಡಿಗೆ ದಿನಕ್ಕೆ 7,500 ದಾಟೋ ಥರದ ಕಡೆ. ಬಿಲ್ ಮೇಲೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ, 15 ಅಕ್ಷರ ಇರತ್ತೆ, ಕರ್ನಾಟಕದ್ದಾದ್ರೆ 29ರಿಂದ ಶುರು. ನಂಬರ್ರೇ ಇಲ್ದೆ ಟ್ಯಾಕ್ಸ್ ಹಾಕಿದ್ರೆ ಕೊಡ್ಬೇಕಾಗಿಲ್ಲ. ಕಾಂಪೋಸಿಷನ್ ಸ್ಕೀಮಲ್ಲಿರೋ, ಅಂದ್ರೆ ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನ ತಾವೇ ಕಟ್ಟೋ ಸಣ್ಣ ಅಂಗಡಿಯವರೂ ಗಿರಾಕಿ ಹತ್ರ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ, ಅದನ್ನ ಅವರು ಬಿಲ್ಲಲ್ಲೇ ಬರೆದಿರ್ಬೇಕು.

ಇಷ್ಟೆಲ್ಲಾ ಹೇಳಿದ್ರೂ, ನಿಮ್ಮ ಗ್ರೂಪಿನ ಅರ್ಧ ತೊಂದ್ರೆ ಜಾಗ ಆರಿಸೋದ್ರಲ್ಲೇ ಮುಗಿಯತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಜಾಗ ಆರಿಸಿ ಆಮೇಲೆ ಬಜೆಟ್ ನೋಡ್ತೀರ, ಅದನ್ನ ತಿರುಗಿಸಿ. ಗ್ರೂಪಲ್ಲಿ ಮೊದಲು ಹಾಕ್ಬೇಕಾದ ಮೆಸೇಜ್ "ಈ ಸಲ ತಲೆಗೆ ಐನೂರು, ಡೆಸರ್ಟ್ ಸೇರಿ" ಅಂತ. ಆ ಮೊತ್ತವನ್ನ ನಿಮ್ಮಲ್ಲಿ ಯಾರ ಕೈ ಬಿಗಿ ಇದೆಯೋ ಅವರಿಗೆ ಹೊಂದೋ ಹಾಗೆ ಇಡಿ. ಜಾಸ್ತಿ ಖರ್ಚು ಮಾಡಬಲ್ಲವರಿಗೆ ಐನೂರಲ್ಲಿ ಊಟ ಮಾಡೋದು ಕಷ್ಟ ಅಲ್ಲ, ಖರ್ಚು ಮಾಡೋಕಾಗದೋರಿಗೆ 1,245 ನಿಜವಾಗ್ಲೂ ಕಷ್ಟ. ಮತ್ತೆ ಈ ಊರಲ್ಲಿ ಐನೂರು ರೂಪಾಯಿಗೆ ಎಂಥ ಸಂಜೆ ಸಿಗತ್ತೆ ಅಂತ ನಾವೇ ಮರೆತಿದ್ದೀವಿ.

ದರ್ಶಿನಿನೇ ತಗೊಳ್ಳಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ್ಮೇಲೆ ಈ ನಿಂತು ತಿನ್ನೋ ಪದ್ಧತಿ ಊರು ತುಂಬಾ ಹಬ್ಬಿತು. ಮೊದಲು ಕೌಂಟರಲ್ಲಿ ದುಡ್ಡು, ಕೈಗೆ ಟೋಕನ್, ಆಮೇಲೆ ತಿಂಡಿ. ಅಲ್ಲಿ ಕೊನೇಲಿ ಬಿಲ್ಲೇ ಬರಲ್ಲ, ಸರ್ವಿಸ್ ಚಾರ್ಜಿಲ್ಲ, ಭಾಗದ ತಲೆಬಿಸಿ ಇಲ್ಲ. ಒಬ್ಬರು ಎಲ್ಲರಿಗೂ ಇಡ್ಲಿ ವಡೆ ಟೋಕನ್ ತಗೊಂಡ್ರೆ ಇನ್ನೊಬ್ಬರು ಕಾಫಿ, ಮತ್ತೊಬ್ಬರು ಖಾರಾಬಾತು. ತಿಂಡಿ ಬೀದಿನೂ ಹಾಗೇ. ವಿವಿ ಪುರಂ ಸಜ್ಜನ್ ರಾವ್ ಸರ್ಕಲ್ ಹತ್ರ ಸಂಜೆ ಏಳಕ್ಕೆ ಸೇರಿದ್ರೆ ಒಂದು ಗಾಡಿಯಲ್ಲಿ ಅಕ್ಕಿರೊಟ್ಟಿ, ಇನ್ನೊಂದರಲ್ಲಿ ಪಡ್ಡು, ಕಾಯಿ ಹೋಳಿಗೆ ತವಾ ಮೇಲಿಂದ ನೇರ ಪೇಪರಿಗೆ, ಮೇಲೆ ತುಪ್ಪ, ಕೊನೇಲಿ ಗುಲ್ಕನ್ ಬೆಣ್ಣೆ ಹಾಕಿದ ಐಸ್‌ಕ್ರೀಮ್. 1953ರ ವಿಬಿ ಬೇಕರಿಯಿಂದ ಕಾಂಗ್ರೆಸ್ ಕಡ್ಲೆಬೀಜ ಕಟ್ಟಿಸ್ಕೊಂಡು ಮನೆಗೆ ಹೋಗಬಹುದು. ಚಳಿಗಾಲದಲ್ಲಿ ಹೋದ್ರೆ ಅವರೆಕಾಯಿ ಸೀಸನ್ನು, ಅವರೆಬೇಳೆ ದೋಸೆ ಬಿಡ್ಬೇಡಿ. ಎಲ್ಲಾ ವೆಜ್, ನಿಮ್ಮ ಫ್ರೆಂಡ್ ಪ್ರತಿ ಗಾಡಿ ಹತ್ರ ಏನೂ ವಿಚಾರಿಸದೆ ತಿನ್ನಬಹುದು. ಅವರಿಗೆ ಅದೆಷ್ಟು ಹಗುರ ಅನ್ಸತ್ತೆ ಅಂತ ಮಾಂಸ ತಿನ್ನೋರಿಗೆ ಗೊತ್ತಾಗಲ್ಲ.

ಕೂತ್ಕೊಂಡೇ ಊಟ ಮಾಡ್ಬೇಕು ಅಂದ್ರೆ ಎಲ್ಲರಿಗೂ ಒಂದೇ ಊಟ ಬರೋ ಜಾಗಕ್ಕೆ ಹೋಗಿ, ಆಗ ಸಮಭಾಗ ತಾನಾಗೇ ನ್ಯಾಯ ಆಗತ್ತೆ. ಲಾಲ್‌ಬಾಗ್ ರೋಡಿನ ಎಂಟಿಆರ್, 1924ರದ್ದು, ಅಲ್ಲಿ ಊಟಕ್ಕೆ ಕೂತ್ರೆ ಕೊನೆಗೆ ಫ್ರೂಟ್ ಸಲಾಡ್ ಐಸ್‌ಕ್ರೀಮ್ ಕೂಡ ಅದರಲ್ಲೇ ಬರತ್ತೆ, ಬೇರೆ ಡೆಸರ್ಟಿಗೆ ಹೊಟ್ಟೆಲಿ ಜಾಗನೇ ಇರಲ್ಲ. ಸೋಮವಾರ ರಜಾ, ಊಟದ ಟೈಮಿಂಗ್ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಶುಕ್ರವಾರ ರಜಾ. ಅಲ್ಲಿ ಸಪ್ಲೈಯರ್ ಒಂದೇ ಕೈ ಮೇಲೆ ದೋಸೆ ತಟ್ಟೆ ಸಾಲಾಗಿ ಜೋಡಿಸ್ಕೊಂಡು ಬರೋದನ್ನ ನಮ್ಮ ಕಸುಬಿನೋರು ನಿಂತು ನೋಡ್ತೀವಿ. ಮಲ್ಲೇಶ್ವರದ ಸಿಟಿಆರ್ ಬೆಣ್ಣೆ ಮಸಾಲೆಗೆ ಹೋಗೋದಾದ್ರೆ ಒಂದು ವಿಷಯ ನೆನಪಿಟ್ಕೊಳ್ಳಿ, ಆರು ಜನಕ್ಕೆ ಒಂದೇ ಟೇಬಲ್ ಸಿಗೋದು ಕಷ್ಟ, ಖಾಲಿ ಆದ ಕಡೆ ಇಬ್ಬಿಬ್ಬರು ಕೂರ್ಬೇಕಾಗತ್ತೆ. ಹರಟೆಗೇ ಅಂತ ಹೋಗೋ ಜಾಗ ಅದಲ್ಲ.

ನಾನ್‌ವೆಜ್ ಬೇಕೇ ಬೇಕು ಅನ್ನೋ ತಿಂಗಳು ರೆಸಿಡೆನ್ಸಿ ರೋಡಿನ ನಾಗಾರ್ಜುನ ಥರದ ಆಂಧ್ರ ಊಟ ಒಳ್ಳೆ ಆಯ್ಕೆ. ಬಾಳೆಎಲೆ, ಅನ್ನ, ಪಪ್ಪು (ಬೇಳೆ), ಪುಡಿ, ತುಪ್ಪ ಎಲ್ಲರಿಗೂ ಒಂದೇ ರೇಟು, ಬೇಕಾದೋರು ಸೈಡ್ ಡಿಶ್ ತಗೊಂಡು ಅದರ ದುಡ್ಡು ಅವರೇ ಕೊಡ್ತಾರೆ. ಆದ್ರೆ ಮಿಕ್ಸ್ ಕಿಚನ್ ಇರೋ ಯಾವುದೇ ಜಾಗದಲ್ಲಿ ನಿಮ್ಮ ವೆಜ್ ಫ್ರೆಂಡ್ ಪರವಾಗಿ ನೀವೇ ಒಂದು ಪ್ರಶ್ನೆ ಕೇಳಿ: ಕರಿಯೋ ಎಣ್ಣೆ ಬೇರೆನಾ? ಗ್ರೇವಿ ಪಾತ್ರೆ ಬೇರೆ ಇಟ್ಟಿರ್ತಾರೆ, ಸೌಟೂ ಬೇರೆ, ಆದ್ರೆ ಫ್ರೆಂಚ್ ಫ್ರೈಸು, ಗೋಬಿ, ಚಿಕನ್ ಎಲ್ಲಾ ಒಂದೇ ಫ್ರೈಯರಲ್ಲಿ ಬೀಳೋ ಕಿಚನ್ ತುಂಬಾ ಇವೆ. ಎಣ್ಣೆ ಒಂದೇ ಅಂದ್ರೆ ಕರಿದ ಐಟಂ ಬಿಟ್ಟು ತಂದೂರಿ ಕಡೆ ಹೋಗೋದ್ರಲ್ಲೂ ಅರ್ಥ ಇಲ್ಲ, ತಂದೂರಲ್ಲಿ ಒಂದೇ ಕಂಬಿ ಇರಬಹುದು, ಅಲ್ಲೂ ಕೇಳಿ. ದಾಲ್, ರೈಸ್, ಫುಲ್ಕಾ ಸೇಫ್. ಈ ಪ್ರಶ್ನೆನ ಅವರೇ ಪ್ರತಿ ಸಲ ಕೇಳಿದ್ರೆ ಗ್ರೂಪಿಗೆ ತೊಂದ್ರೆ ಕೊಡ್ತಿದ್ದೀನೇನೋ ಅಂತ ಹಿಂಜರೀತಾರೆ, ನೀವು ಕೇಳಿದ್ರೆ ಅವರು ನಿಮ್ಮ ಜೊತೆ ಇನ್ನೊಂದು ಸಲ ಬರ್ತಾರೆ.

ಈಗ ಡೆಸರ್ಟ್. ಊಟ ಮಾಡಿದ ಜಾಗದಲ್ಲೇ ಡೆಸರ್ಟ್ ತಗೋಬೇಡಿ, ಇದನ್ನ ನಾನು ರೆಸ್ಟೋರೆಂಟಿನವನಾಗೇ ಹೇಳ್ತೀನಿ. ಹೊಟ್ಟೆ ತುಂಬಿದ ಕೂಡಲೇ ಮೆನು ಕೈಗೆ ಕೊಟ್ರೆ ಬೇಡದ್ದೆಲ್ಲಾ ಆರ್ಡರ್ ಆಗತ್ತೆ, ಅರ್ಧ ಪ್ಲೇಟಲ್ಲೇ ಉಳಿಯತ್ತೆ, ಬಿಲ್ಲೂ ಏರತ್ತೆ. ಎದ್ದು ಒಂದು ಹತ್ತು ಹದಿನೈದು ನಿಮಿಷ ನಡೀರಿ. ನಾಗಾರ್ಜುನದಿಂದ ಅದೇ ರೆಸಿಡೆನ್ಸಿ ರೋಡಲ್ಲೇ ಕಾರ್ನರ್ ಹೌಸ್ ಇದೆ, 1982ರಿಂದ ಈ ಊರಿನ ಹುಡುಗ ಹುಡುಗಿಯರು ಪರೀಕ್ಷೆ ಮುಗಿದ ದಿನ ಹೋಗೋ ಹೆಸರು ಅದು. ಡೆತ್ ಬೈ ಚಾಕೊಲೇಟ್ ಒಂದು ಗ್ಲಾಸು ಇಬ್ಬರಿಗೆ ಸಾಕು: ಕೆಳಗೆ ಚಾಕೊಲೇಟ್ ಕೇಕು, ಐಸ್‌ಕ್ರೀಮು, ಬೀಜಗಳು, ಮೇಲಿಂದ ಬಿಸಿ ಚಾಕೊಲೇಟ್ ಸಾಸು. ಬೈಟು ಕಾಫಿ ಕುಡಿದು ಬೆಳೆದೋರು ನಾವು, ಡೆಸರ್ಟನ್ನೂ ಬೈಟು ಮಾಡೋಕೆ ಯಾಕೆ ನಾಚಿಕೆ? ಆರು ಜನಕ್ಕೆ ಮೂರು ಡೆಸರ್ಟು, ಆರು ಸ್ಪೂನು. ಖರ್ಚು ಅರ್ಧ, ಮೂರು ರುಚಿ ನೋಡಿದ ಹಾಗೂ ಆಯ್ತು.

ಬಿಸಿ ಸಾಸ್ ಹಾಕಿದ್ದು ಬಂದ ತಕ್ಷಣ ತಿನ್ನಿ. ಬಿಸಿ ಚಾಕೊಲೇಟು ತಣ್ಣನೆ ಐಸ್‌ಕ್ರೀಮ್ ಮುಟ್ಟಿದಾಗ ಅದರ ಕೊಬ್ಬು ಗಟ್ಟಿಯಾಗಿ ಸಾಸು ಟಾಫಿ ಥರ ಎಳೀತದೆ, ಅದೇ ಅದರ ಮಜಾ, ಆ ಮಜಾ ಇರೋದು ಮೂರ್ನಾಲ್ಕು ನಿಮಿಷ. ಆಮೇಲೆ ಎಲ್ಲಾ ಕರಗಿ ಒಂದೇ ಸಿಹಿ ನೀರು. ಬ್ರೌನಿ ಸಿಜ್ಲರ್ ತಗೊಂಡ್ರೆ ಇನ್ನೊಂದು ವಿಷಯ. ಬೆಂಕಿ ಮೇಲೆ ಕಾದ ಕಬ್ಬಿಣದ ತಟ್ಟೆ ಮರದ ಹಲಗೆ ಮೇಲಿಟ್ಟು ತರ್ತಾರೆ, ಟೇಬಲ್ ಹತ್ರ ಸಾಸ್ ಸುರೀತಾರೆ, ಚುಯ್ ಅಂತ ಹೊಗೆ ಏಳತ್ತೆ, ಎಲ್ಲರೂ ವಿಡಿಯೋ ಮಾಡ್ತಾರೆ. ಆ ಚುಯ್ ಶಬ್ದ ಬರೋದು ಸಾಸು ಕಬ್ಬಿಣಕ್ಕೆ ತಾಗಿ ಸುಟ್ಟಾಗ, ಸುಟ್ಟ ಚಾಕೊಲೇಟ್ ಕಹಿ. "ಸಾಸ್ ಬ್ರೌನಿ ಮೇಲೆ ಹಾಕಿ, ತಟ್ಟೆ ಮೇಲೆ ಬೇಡ" ಅಂತ ಹೇಳಿ, ತಟ್ಟೆಗೆ ಒಂದೆರಡು ಹನಿ ಬಿದ್ರೆ ವಿಡಿಯೋಗೆ ಸಾಕು. ಉಳಿದಿದ್ದು ಬಾಯಿಗೆ ಬರತ್ತೆ.

ಮೊಟ್ಟೆ ತಿನ್ನದೋರಿಗೆ ಡೆಸರ್ಟ್ ಕೆಫೆನೇ ಹೋಟೆಲಿಗಿಂತ ಕಷ್ಟದ ಜಾಗ. ಬ್ರೌನಿ, ಬೇಕ್ ಮಾಡಿದ ಚೀಸ್‌ಕೇಕ್, ತಿರಾಮಿಸು, ಕೆಲವು ಜೆಲಾಟೋ, ಇವೆಲ್ಲಾ ಸಾಮಾನ್ಯವಾಗಿ ಮೊಟ್ಟೆ ಹಾಕಿದವು. ಎಗ್‌ಲೆಸ್ ಅಂದ್ರೂ ನಿಲ್ಲಿಸ್ಬೇಡಿ, ಮೂಸ್, ಪನ್ನಾಕೋಟಾ, ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಬರೋದು. "ಜೆಲಾಟಿನ್ ಹಾಕ್ತೀರಾ, ಅಗರ್ ಅಗರ್ ಹಾಕ್ತೀರಾ" ಅಂತ ಬೇರೆಯಾಗಿ ಕೇಳಿ, ಅಗರ್ ಅಗರ್ ಕಡಲಕಳೆಯಿಂದ ಮಾಡೋದು, ಅದು ವೆಜ್. ಕೌಂಟರಲ್ಲಿರೋ ಹುಡುಗಿಗೆ ಗೊತ್ತಿಲ್ದಿದ್ರೆ ಒಳಗೆ ಹೋಗಿ ಕೇಳ್ಕೊಂಡು ಬರ್ತಾಳೆ, ಬರ್ಲಿ, ಕಾಯಿರಿ.

ಕೊಟ್ಟ ದುಡ್ಡಿಗೆ ಏನು ಸಿಗ್ತಿದೆ ಅಂತನೂ ನೋಡಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಐಸ್‌ಕ್ರೀಮ್ ಅನ್ಬೇಕಾದ್ರೆ ಅದರಲ್ಲಿ ಕನಿಷ್ಠ 10% ಹಾಲಿನ ಕೊಬ್ಬಿರ್ಬೇಕು, ಒಂದು ಲೀಟರ್ ಕನಿಷ್ಠ 525 ಗ್ರಾಂ ತೂಗ್ಬೇಕು. ಚರ್ನ್ ಮಾಡುವಾಗ ಗಾಳಿ ಸೇರತ್ತೆ, ತುಂಬಾ ಗಾಳಿ ಸೇರಿಸಿ ಡಬ್ಬ ತುಂಬಿಸ್ಬಾರ್ದು ಅಂತ ಆ ತೂಕದ ನಿಯಮ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದ್ರೆ ಅದು ಫ್ರೋಜನ್ ಡೆಸರ್ಟ್, ಹಾಗಂತಾನೇ ಬರೀಬೇಕು. ಅದು ಕೆಟ್ಟದ್ದು ಅಂತಲ್ಲ, ಆದ್ರೆ ಐಸ್‌ಕ್ರೀಮಿನ ರೇಟ್ ಕೊಡುವಾಗ ಗೊತ್ತಿರ್ಬೇಕು. ತುಂಬಾ ಗಾಢ ಕೆಂಪು ರೆಡ್ ವೆಲ್ವೆಟ್ ಕೇಕ್ ಕಂಡ್ರೆ ನಾನು ದೂರ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಸ್ಯಾಂಪಲ್ ತಗೊಂಡು ಪರೀಕ್ಷಿಸಿದಾಗ 12ರಲ್ಲಿ ಅಪಾಯಕಾರಿ ಕೃತಕ ಬಣ್ಣ ಸಿಕ್ಕಿತ್ತು, ರೆಡ್ ವೆಲ್ವೆಟ್ ಬ್ಲ್ಯಾಕ್ ಫಾರೆಸ್ಟ್ ಹೆಸರು ಆಗ ಬಂದಿದ್ವು. ಲಿಕ್ವಿಡ್ ನೈಟ್ರೋಜನ್ ಹೊಗೆ ಬರೋ ಡೆಸರ್ಟ್, ಪಾನ್ ಅಂತೂ ಬೇಡವೇ ಬೇಡ, ಅದೇ ವರ್ಷ ಬೆಂಗಳೂರಲ್ಲಿ ಅಂಥ ಪಾನ್ ತಿಂದ 12 ವರ್ಷದ ಹುಡುಗಿಗೆ ಹೊಟ್ಟೆಲಿ ತೂತಾಗಿ ಆಪರೇಷನ್ ಆಯ್ತು. ಅದು ಮೈನಸ್ 196 ಡಿಗ್ರಿ ಇರತ್ತೆ, ಒಳಗೆ ಹೋಗಿ ಆವಿಯಾಗಿ ಉಬ್ಬತ್ತೆ.

ಇನ್ನು ನಿಮ್ಮ ಎಂಟೆಕ್ ಫ್ರೆಂಡ್. ಎಲ್ಲಕ್ಕಿಂತ ಮೊದಲು ಮಾಡ್ಬೇಕಾದ ಕೆಲಸ ಇದೇ. ಅವರಿಗೆ ಮೆಸೇಜ್ ಬೇಡ, ಫೋನ್ ಮಾಡಿ, ಒಬ್ಬರೇ ಇರುವಾಗ. "ನಿನ್ನ ಪಾಲು ನಾವು ಕೊಡ್ತೀವಿ ಬಾರೇ" ಅಂತ ಗ್ರೂಪಲ್ಲಿ ಮಾತ್ರ ಹೇಳ್ಬೇಡಿ, ಪ್ರೀತಿಯಿಂದ್ಲೇ ಹೇಳಿದ್ರೂ ಐದು ಜನರ ಮುಂದೆ ಅದು ಭಾರ ಆಗತ್ತೆ, ಆಮೇಲೆ ಅವರು ಏನು ಆರ್ಡರ್ ಮಾಡಿದ್ರೂ ಬೇರೆಯವರ ದುಡ್ಡು ಅಂತ ಅಳೆದು ತಿಂತಾರೆ. ಬದಲಿಗೆ ನೇರವಾಗಿ ಹೇಳಿ: ಹೋದ ತಿಂಗಳು ಲೆಕ್ಕ ಸರಿ ಇರ್ಲಿಲ್ಲ ಕಣೇ, ನಾನು ಈಗ ಬಿಡಿಸಿ ನೋಡಿದೆ, ಇನ್ಮೇಲೆ ಬಾರ್ ಬಿಲ್ ಬೇರೆ, ಬಜೆಟ್ ಮೊದಲು, ಈ ಸಲ ಜಾಗ ನೀನೇ ಆರಿಸು. ಜಾಗ ಆರಿಸೋ ಸರದಿ ಅವರಿಂದ ಶುರುವಾದ್ರೆ ಬಜೆಟ್ ತಾನಾಗೇ ಅವರ ಅಳತೆಗೆ ಬರತ್ತೆ, ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಾಗಲ್ಲ. ಮುಂದಿನ ತಿಂಗಳು ವೆಜ್ ಫ್ರೆಂಡ್ ಸರದಿ, ಆಮೇಲೆ ಉಳಿದೋರು. ಬರ್ತ್‌ಡೇ ಟ್ರೀಟ್ ಪದ್ಧತಿ ನಿಮ್ಮಲ್ಲೂ ಇದ್ರೆ ಅದನ್ನೂ ಬದಲಾಯಿಸಿ, ಬರ್ತ್‌ಡೇ ಇರೋರು ಎಲ್ಲರ ಊಟ ಕೊಡಿಸೋದು ಬೇಡ, ಡೆಸರ್ಟ್ ಮಾತ್ರ ಕೊಡಿಸ್ಲಿ, ಇಲ್ಲಾಂದ್ರೆ ಅವರ ತಿಂಗಳು ಬಂದಾಗ ಮತ್ತೆ ಇದೇ ಥರ ಬರಲ್ಲ ಅನ್ನೋದು ಶುರುವಾಗತ್ತೆ.

ವೆಜ್ ಫ್ರೆಂಡ್‌ಗೆ ಹೆಚ್ಚಿಗೆ ಹೋದ ದುಡ್ಡು ವಾಪಸ್ ಹಾಕ್ಬೇಕಾ ಅಂತ ನೀವು ಕೇಳಿಲ್ಲ, ಆದ್ರೆ ಹಾಕ್ಬೇಕು ಅಂತ ನನ್ನ ಅಭಿಪ್ರಾಯ, ಅವರೊಬ್ಬರಿಗೇ ಅಲ್ಲ, ಕುಡಿಯದ ನಾಲ್ಕೂ ಜನರಿಗೆ. ಅವರಿಗೆ ತಲೆಗೆ 400 ವಾಪಸ್, ಅದಕ್ಕೆ ಕುಡಿದ ಇಬ್ಬರು ತಲಾ 800 ಹಾಕ್ಬೇಕು. ಬಿಲ್ ಫೋಟೋ ಆ ಇಬ್ಬರಿಗೆ ಕಳಿಸಿ, ಮೇಲಿನ ಲೆಕ್ಕ ತೋರಿಸಿ. ಕಾಲೇಜಿಂದ ಜೊತೆಗಿರೋರು ಅಂದ್ರಲ್ಲ, ಲೆಕ್ಕ ನೋಡಿದ್ರೆ ಅವರೇ ಹಾಕ್ತಾರೆ ಅನ್ನೋ ನಂಬಿಕೆ ನನಗಿದೆ. ಸರ್ವಿಸ್ ಚಾರ್ಜಿನ 660 ಬಗ್ಗೆ ಆ ರೆಸ್ಟೋರೆಂಟಿಗೆ ಒಂದು ಇಮೇಲ್ ಹಾಕಿ, ಬಿಲ್ ನಂಬರ್, ತಾರೀಖು ಬರೆದು. ಉತ್ತರ ಬರ್ಲಿಲ್ಲ ಅಂದ್ರೆ 1915. ಪಾರ್ಲರಿಗೆ ನೀವು ಹೇಗೂ ಮತ್ತೆ ಹೋಗ್ತೀರ, ಆ ಬಿಲ್ ಕೈಯಲ್ಲೇ ಹಿಡ್ಕೊಂಡು ಹೋಗಿ ಕ್ಯಾಷಿಯರ್‌ಗೆ ತೋರಿಸಿ.